ಕಡಲಾಳದ ಬದುಕು ಮತ್ತು ಅದರ ಉಳಿವು: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಿನ ಬಗ್ಗೆ ಮಾತು ತೆಗೆದರೆ ಶಾಲೆಯ ಮಕ್ಕಳಿಂದ ಹಿಡಿದು ಬೋಟಿನ ಮಾಲೀಕರವರೆಗೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವಕ್ಕೆ ಎರಡು ಸಾಲು ಸಾಕು, ಕೆಲವನ್ನು ಸಾವಧಾನವಾಗಿ ಕುಳಿತು ಹೇಳಬೇಕು. ಹಾಗೆಯೇ ಬರೆದಿದ್ದೇನೆ.

ಆಳಸಮುದ್ರ ಎಂದರೆ ಎಷ್ಟು ಆಳ? ಮಲ್ಪೆ, ಮಂಗಳೂರಿನ ಬೋಟುಗಳು ಹೋಗುವುದೂ ಅಲ್ಲಿಗೇ ಅಲ್ಲವೇ?

ಅಲ್ಲ. ಈ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕರಾವಳಿಯ ಪತ್ರಿಕೆಗಳು ‘ಆಳಸಮುದ್ರ ಮೀನುಗಾರಿಕೆ’ ಎಂದು ಬರೆಯುವುದು ದಡ ಬಿಟ್ಟು ವಾರ, ಹತ್ತು ದಿನ ನೀರಿನ ಮೇಲೆಯೇ ಇರುವ ಟ್ರಾಲ್ ಬೋಟುಗಳ ಕಸುಬನ್ನು. ಅವು ಬಹುಮಟ್ಟಿಗೆ ಬಲೆ ಎಳೆಯುವುದು ಖಂಡಾವರಣದ ಮೇಲೆ, ಅಂದರೆ ನಮ್ಮ ನೆಲವೇ ಕಡಲೊಳಗೆ ಇಳಿಜಾರಾಗಿ ಚಾಚಿಕೊಂಡಿರುವ ಭಾಗದಲ್ಲಿ. ವಿಜ್ಞಾನಿಗಳ ಲೆಕ್ಕದಲ್ಲಿ ಆಳಸಮುದ್ರ ಶುರುವಾಗುವುದೇ 200 ಮೀಟರಿನ ಕೆಳಗೆ. ಅಲ್ಲಿಂದ 1,000 ಮೀಟರಿನವರೆಗೆ ಮುಸ್ಸಂಜೆಯಂಥ ಮಂಕು ಬೆಳಕು. ಅದಕ್ಕೂ ಕೆಳಗೆ ಸೂರ್ಯನ ಒಂದು ಕಿರಣವೂ ಇಳಿಯುವುದಿಲ್ಲ. ಕಡಲಿನ ಸರಾಸರಿ ಆಳ ಸುಮಾರು 3,700 ಮೀಟರ್. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳ 10,900 ಮೀಟರಿಗೂ ಕೆಳಗಿದೆ. ಭೂಮಿಯ ಮೇಲ್ಮೈಯಲ್ಲಿ ಮೂರನೇ ಎರಡು ಭಾಗ ಈ ಆಳಗಡಲಿನ ತಳವೇ ಆಗಿದೆ. ಕಾಡು, ಹೊಲ, ಮರುಭೂಮಿ, ಊರು ಎಲ್ಲವೂ ಉಳಿದ ಪಾಲಿನಲ್ಲಿವೆ.

ಅಷ್ಟು ಕತ್ತಲೆ, ಅಷ್ಟು ಚಳಿ. ನಿಜವಾಗಿಯೂ ಅಲ್ಲಿ ಜೀವವಿದೆಯೇ?

ಇಲ್ಲ ಎಂದೇ ಒಂದು ಕಾಲದಲ್ಲಿ ನಂಬಿದ್ದರು. 1843ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ನಿಸರ್ಗತಜ್ಞ, ಸುಮಾರು 550 ಮೀಟರಿನ ಕೆಳಗೆ ಜೀವವೇ ಇರಲಾರದು ಎಂದ. 1872ರಿಂದ 1876ರವರೆಗೆ ಲೋಕ ಸುತ್ತಿದ ‘ಚಾಲೆಂಜರ್’ ಹಡಗು ಸಾವಿರಾರು ಮೀಟರ್ ಆಳದಿಂದ ಜೀವಿಗಳನ್ನು ಎತ್ತಿ ತಂದಾಗ ಆ ಮಾತು ಬಿದ್ದುಹೋಯಿತು. ನಮ್ಮ ಕಡಲಲ್ಲೂ 1880ರ ದಶಕದಿಂದ ‘ಇನ್ವೆಸ್ಟಿಗೇಟರ್’ ಎಂಬ ಸರ್ವೇಕ್ಷಣಾ ಹಡಗು ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯ ಆಳವನ್ನು ಜಾಲಾಡಿತು. ಆ ಹಡಗಿನ ವೈದ್ಯನಾಗಿದ್ದ ಆಲ್ಫ್ರೆಡ್ ಆಲ್ಕಾಕ್ ಅಲ್ಲಿಂದ ಬಂದ ಮೀನು, ಏಡಿ, ಹವಳಗಳನ್ನು ವಿವರಿಸಿದ.

ಹಸಿರೇ ಇಲ್ಲದ ಕಡೆ ಊಟ ಎಲ್ಲಿಂದ ಬರುತ್ತದೆ?

ಮೇಲಿನಿಂದ ಉದುರುತ್ತದೆ. ಸತ್ತ ಪಾಚಿಯ ಚೂರು, ಸಣ್ಣ ಜೀವಿಗಳು ಕಳಚಿದ ಚಿಪ್ಪು, ಹಿಕ್ಕೆ, ಲೋಳೆ ಇವೆಲ್ಲ ಒಂದಕ್ಕೊಂದು ಅಂಟಿ ಚಕ್ಕೆಗಳಾಗಿ ಹಗಲಿರುಳು ಕೆಳಗಿಳಿಯುತ್ತಿರುತ್ತವೆ. ಜಲಾಂತರ್ಗಾಮಿಯ ದೀಪದಲ್ಲಿ ಹಿಮ ಬಿದ್ದಂತೆ ಕಾಣುವುದರಿಂದ ಅದನ್ನು ಕಡಲ ಹಿಮ ಎನ್ನುತ್ತಾರೆ. ತಳ ಮುಟ್ಟಲು ವಾರಗಳು ಹಿಡಿಯುತ್ತವೆ, ದಾರಿಯಲ್ಲೇ ಬಹುಪಾಲು ಯಾರದೋ ಬಾಯಿ ಸೇರುತ್ತದೆ. ಮೇಲೆ ತಯಾರಾದ ಆಹಾರದಲ್ಲಿ ನೂರಕ್ಕೆ ಒಂದು ಪಾಲು ಆಳದ ತಳಕ್ಕೆ ತಲುಪಿದರೆ ಹೆಚ್ಚು. ಆಳದ ಬದುಕೆಲ್ಲ ಈ ಕೊರತೆಯ ಸುತ್ತಲೇ ಕಟ್ಟಿಕೊಂಡಿದೆ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ಎಷ್ಟೋ ಉತ್ತರಗಳ ಬೇರು ಇಲ್ಲಿದೆ.

ಆಗೊಮ್ಮೆ ಈಗೊಮ್ಮೆ ಹಬ್ಬದೂಟವೂ ಬೀಳುತ್ತದೆ. 1987ರಲ್ಲಿ ಕ್ರೇಗ್ ಸ್ಮಿತ್ ಮತ್ತು ಅವರ ತಂಡ ಕ್ಯಾಲಿಫೋರ್ನಿಯಾದ ಕಡಲತಳದಲ್ಲಿ ತಿಮಿಂಗಿಲವೊಂದರ ಅಸ್ಥಿಪಂಜರವನ್ನು ಕಂಡರು. ಅದರ ಮೇಲೆ ಒಂದು ಊರೇ ನೆಲೆಸಿತ್ತು. ತಿಮಿಂಗಿಲ ತಳ ಸೇರಿದ ಕೂಡಲೇ ಶಾರ್ಕ್‌ಗಳೂ ಹಾವಿನಂಥ ಹ್ಯಾಗ್ ಮೀನುಗಳೂ ಮಾಂಸ ಮುಗಿಸುತ್ತವೆ. ಆಮೇಲೆ ಹುಳುಗಳು, ಸೀಗಡಿಯ ನೆಂಟರು ಬರುತ್ತವೆ. ಕೊನೆಗೆ ಮೂಳೆಯೊಳಗಿನ ಎಣ್ಣೆಯನ್ನು ನಂಬಿದ ಬ್ಯಾಕ್ಟೀರಿಯಾಗಳು ದಶಕಗಳ ಕಾಲ ಬದುಕುತ್ತವೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಕಡಲೊಳಗಿನ ಮಾಂಟೆರೆ ಕೊಳ್ಳದಲ್ಲಿ ಸಿಕ್ಕ ಒಸೆಡಾಕ್ಸ್ ಎಂಬ ಹುಳುವಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಗಿಡದಂತೆ ಬೇರು ಬಿಟ್ಟು ಮೂಳೆಯನ್ನು ಕರಗಿಸಿಕೊಳ್ಳುತ್ತದೆ. ತಿಮಿಂಗಿಲದ ಬೇಟೆ ವಿಪರೀತಕ್ಕೆ ಹೋದ ಕಾಲದಲ್ಲಿ ಇಂಥ ಎಷ್ಟು ಊರುಗಳು ಹುಟ್ಟದೆಯೇ ಹೋದವೋ ಎಂದು ಯೋಚಿಸುವಾಗ ಕಸಿವಿಸಿಯಾಗುತ್ತದೆ.

ಸೂರ್ಯನ ಹಂಗೇ ಇಲ್ಲದೆ ಬದುಕುವ ಜೀವಿಗಳೂ ಇವೆ ಎನ್ನುತ್ತಾರೆ. ನಿಜವೇ?

ನಿಜಕ್ಕೆ ತೀರ ಹತ್ತಿರ. 1977ರಲ್ಲಿ ಗ್ಯಾಲಪಗಸ್ ದ್ವೀಪಗಳ ಬಳಿ ಸುಮಾರು 2,500 ಮೀಟರ್ ಆಳಕ್ಕೆ ‘ಆಲ್ವಿನ್’ ನೌಕೆ ಇಳಿದದ್ದು ಭೂಗರ್ಭದ ಬಿಸಿನೀರಿನ ಬುಗ್ಗೆಗಳನ್ನು ಹುಡುಕಲು. ಆ ಯಾತ್ರೆಯಲ್ಲಿದ್ದವರು ಭೂವಿಜ್ಞಾನಿಗಳು, ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಬುಗ್ಗೆ ಸಿಕ್ಕಿತು. ಅದರ ಸುತ್ತ ಅಂಗೈಗಿಂತ ದೊಡ್ಡ ಮಳಿ ಎಂಬ ಚಿಪ್ಪುಜೀವಿಗಳು, ಏಡಿಗಳು, ಕೆಂಪು ಗರಿಯಂಥ ತಲೆಯ ಉದ್ದನೆಯ ಕೊಳವೆ ಹುಳುಗಳು ಇದ್ದವು. ಮಾದರಿಗಳನ್ನು ಕೆಡದಂತೆ ಇಡಲು ಹಡಗಿನಲ್ಲಿ ಫಾರ್ಮಾಲ್ಡಿಹೈಡ್ ಸಾಲದೆ, ಕೆಲವನ್ನು ರಷ್ಯದ ವೋಡ್ಕಾದಲ್ಲಿ ಅದ್ದಿಟ್ಟು ತಂದರು.

ಎರಡು ಮೀಟರ್‌ವರೆಗೆ ಬೆಳೆಯುವ ಆ ಕೊಳವೆ ಹುಳುವಿಗೂ ಬಾಯಿ, ಜೀರ್ಣನಾಳ ಇಲ್ಲ. ಹಾಗಾದರೆ ಅದು ತಿನ್ನುವುದೇನನ್ನು? ಒಗಟನ್ನು ಬಿಡಿಸಿದವರು ಆಗ ಹಾರ್ವರ್ಡ್‌ನಲ್ಲಿ ಇನ್ನೂ ವಿದ್ಯಾರ್ಥಿನಿಯಾಗಿದ್ದ ಕೊಲೀನ್ ಕ್ಯಾವನಾ. ಹುಳುವಿನ ಮೈಯೊಳಗೆ ಬ್ಯಾಕ್ಟೀರಿಯಾಗಳಿವೆ, ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆದು ಅವು ಅನ್ನ ತಯಾರಿಸುತ್ತವೆ, ಹುಳು ಅದನ್ನು ಹಂಚಿಕೊಳ್ಳುತ್ತದೆ ಎಂದು ಅವರು ತೋರಿಸಿಕೊಟ್ಟರು. ಕೊಳೆತ ಮೊಟ್ಟೆಯ ವಾಸನೆಯ, ನಮಗೆ ವಿಷವಾದ ಅನಿಲ ಅಲ್ಲಿ ಅನ್ನದ ಮೂಲ. ಆದರೂ ಆ ಹುಳು ಉಸಿರಾಡುವ ಆಮ್ಲಜನಕ ಮೇಲಿನ ಹಸಿರು ಪಾಚಿಯ ಕೊಡುಗೆಯೇ. ಅದಕ್ಕೇ ‘ತೀರ ಹತ್ತಿರ’ ಎಂದೆ.

ನಮ್ಮ ಹಿಂದೂ ಮಹಾಸಾಗರದಲ್ಲಿ ಇಂಥ ಬುಗ್ಗೆಗಳಿವೆಯೇ?

ಇವೆ. 2024ರ ಡಿಸೆಂಬರ್‌ನಲ್ಲಿ ಭಾರತದ ವಿಜ್ಞಾನಿಗಳು ದಕ್ಷಿಣ ಹಿಂದೂ ಮಹಾಸಾಗರದ 4,500 ಮೀಟರ್ ಆಳದಲ್ಲಿ ಜೀವಂತ ಬುಗ್ಗೆಯೊಂದರ ಚಿತ್ರ ತೆಗೆದರು. ಬಂಗಾಳ ಕೊಲ್ಲಿಯ ಕೃಷ್ಣಾ ಗೋದಾವರಿ ಜಲಾನಯನದ ತಳದಲ್ಲಿ ಮೀಥೇನ್ ಒಸರುವ ತಣ್ಣನೆಯ ತಾಣಗಳಿವೆ. ಅಲ್ಲಿಯೂ ಇದೇ ಬಗೆಯ ಬದುಕು.

ಆದರೆ ನಾನು ಎಲ್ಲರಿಗೂ ಹೇಳಲೇಬೇಕು ಎಂದುಕೊಳ್ಳುವುದು ಒಂದು ಬಸವನಹುಳುವಿನ ಕಥೆ. ಹಿಂದೂ ಮಹಾಸಾಗರದ ಕೈರೇ ಎಂಬ ಬುಗ್ಗೆಯಲ್ಲಿ 2001ರಲ್ಲಿ ಕಂಡ ಈ ಜೀವಿಯ ಪಾದದ ತುಂಬ ಹುರುಪೆಗಳಿವೆ. ಅವುಗಳ ಹೊದಿಕೆ ಕಬ್ಬಿಣದ ಸಲ್ಫೈಡ್. ಕಬ್ಬಿಣವನ್ನು ಕವಚವಾಗಿ ತೊಟ್ಟ ಬೇರೊಂದು ಪ್ರಾಣಿ ನಮಗೆ ತಿಳಿದಿಲ್ಲ. 2019ರಲ್ಲಿ ಇದನ್ನು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಆಗ ಅದರ ನೆಲೆ ಮೂರೇ ಬುಗ್ಗೆಗಳಲ್ಲಿ ಗೊತ್ತಿತ್ತು, ಅವುಗಳಲ್ಲಿ ಎರಡು ಖನಿಜ ಹುಡುಕಾಟದ ಗುತ್ತಿಗೆಯೊಳಗೆ ಬಿದ್ದಿದ್ದವು. ಆಳಗಡಲ ಗಣಿಗಾರಿಕೆಯ ಭಯದಿಂದಲೇ ಆ ಪಟ್ಟಿ ಸೇರಿದ ಮೊದಲ ಜೀವಿ ಇದು. ಗಣಿಗಾರಿಕೆ ಇನ್ನೂ ಶುರುವಾಗಿರಲಿಲ್ಲ.

ಅಷ್ಟು ಒತ್ತಡದಲ್ಲಿ ಅವು ನುಜ್ಜುಗುಜ್ಜಾಗುವುದಿಲ್ಲವೇ?

ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 4,000 ಮೀಟರ್ ಆಳದಲ್ಲಿ ಅದು ನಮ್ಮ ಮೇಲಿರುವುದರ 400 ಪಟ್ಟು. ನುಜ್ಜಾಗುವುದು ಮೈಯೊಳಗಿನ ಗಾಳಿ. ಆಳದ ಬಹುತೇಕ ಜೀವಿಗಳಲ್ಲಿ ಗಾಳಿಯ ಚೀಲವೇ ಇಲ್ಲ, ಒಳಗೂ ನೀರು, ಹೊರಗೂ ನೀರು. ಆದರೆ ಒತ್ತಡ ಪ್ರೋಟೀನುಗಳ ಆಕಾರವನ್ನೇ ಕೆಡಿಸುತ್ತದೆ. ಅದನ್ನು ತಡೆಯಲು ಮೀನುಗಳ ಜೀವಕೋಶದಲ್ಲಿ ಒಂದು ರಾಸಾಯನಿಕ ತುಂಬಿರುತ್ತದೆ, ಆಳ ಹೆಚ್ಚಿದಷ್ಟೂ ಅದರ ಪ್ರಮಾಣ ಹೆಚ್ಚು. ಸುಮಾರು 8,200ರಿಂದ 8,400 ಮೀಟರಿಗೆ ಈ ಉಪಾಯ ಸೋಲುತ್ತದೆ ಎಂಬ ಅಂದಾಜಿದೆ. 2022ರಲ್ಲಿ ಜಪಾನಿನ ಬಳಿ 8,336 ಮೀಟರಿನಲ್ಲಿ ಈಜುತ್ತಿದ್ದ ಸ್ನೇಲ್ ಫಿಶ್ ಕ್ಯಾಮೆರಾಕ್ಕೆ ಸಿಕ್ಕಿತು. ಈವರೆಗೆ ಕಂಡ ಅತಿ ಆಳದ ಮೀನು ಅದೇ.

ಮೊಬೈಲಿನಲ್ಲಿ ಓಡಾಡುವ ‘ಲೋಕದ ಅತಿ ಕುರೂಪಿ ಮೀನು’ ಬ್ಲಾಬ್ ಫಿಶ್‌ನ ಚಿತ್ರವನ್ನು ನೋಡಿರುತ್ತೀರಿ. ತನ್ನ ಆಳದಲ್ಲಿ ಅದು ಮೀನಿನಂತೆಯೇ ಇರುತ್ತದೆ. ಬಲೆಯಲ್ಲಿ ಮೇಲಕ್ಕೆ ಎಳೆದಾಗ ಒತ್ತಡ ತಪ್ಪಿ, ಮೈ ಸಡಿಲವಾಗಿ ಮುದ್ದೆಯಾಗುತ್ತದೆ. ನಾವು ನೋಡಿ ನಗುತ್ತಿರುವುದು ಒಂದು ಹೆಣವನ್ನು.

ಅಲ್ಲಿನ ಪ್ರಾಣಿಗಳು ಮಿನುಗುವುದು ಏಕೆ?

ಬೇಟೆಗೆ, ಬೇಟೆಯಿಂದ ತಪ್ಪಿಸಿಕೊಳ್ಳಲು, ಸಂಗಾತಿಯನ್ನು ಕರೆಯಲು. ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ವರ್ಷಗಟ್ಟಲೆ ತೆಗೆದ ವಿಡಿಯೊಗಳನ್ನು ಎಣಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ನೀರಿನಲ್ಲಿ ಈಜುವ ಪ್ರಾಣಿಗಳಲ್ಲಿ ನೂರಕ್ಕೆ 76ರಷ್ಟು ಬೆಳಕು ಸೂಸಬಲ್ಲವು ಎಂದಿತು. ನಮಗೆ ಮಿಂಚುಹುಳು ಅಪರೂಪದ ಬೆರಗು. ಭೂಮಿಯ ಅತಿ ದೊಡ್ಡ ಜೀವನೆಲೆಯಲ್ಲಿ ಮಿನುಗದಿರುವುದೇ ಅಪರೂಪ.

ಆಳಕ್ಕೂ ನಮಗೂ ಏನು ಸಂಬಂಧ? ಅದು ಅದರ ಪಾಡಿಗೆ ಇದೆಯಲ್ಲ?

ಪ್ರತಿ ಸಂಜೆ ಆ ಸಂಬಂಧ ನಡೆಯುತ್ತಲೇ ಇರುತ್ತದೆ. ಹೊತ್ತು ಮುಳುಗುತ್ತಿದ್ದಂತೆ ನೂರಾರು ಮೀಟರ್ ಕೆಳಗಿನಿಂದ ಲ್ಯಾಂಟರ್ನ್ ಮೀನು, ಸೀಗಡಿ, ಬೊಂಡಾಸು (ಸ್ಕ್ವಿಡ್), ಲೋಳೆಜೀವಿಗಳು ಮೇಯಲು ಮೇಲೇರುತ್ತವೆ, ಬೆಳಗಾಗುವ ಮೊದಲು ಮರಳಿ ಇಳಿಯುತ್ತವೆ. ಲೋಕದ ಅತಿ ದೊಡ್ಡ ವಲಸೆ ಇದು, ದಿನಕ್ಕೊಮ್ಮೆ ನಡೆಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರತಿಧ್ವನಿಯಿಂದ ಆಳ ಅಳೆಯುವ ಹಡಗುಗಳ ಸೋನಾರ್‌ಗೆ ಈ ಹಿಂಡು ಎಷ್ಟು ದಟ್ಟವಾಗಿ ಕಂಡಿತೆಂದರೆ ಅದನ್ನು ಕಡಲತಳವೆಂದೇ ಭ್ರಮಿಸಿದರು. ಮೇಲೆ ತಿಂದದ್ದನ್ನು ಕೆಳಗೆ ವಿಸರ್ಜಿಸುವ ಈ ಜೀವಿಗಳು ಗಾಳಿಯಿಂದ ಬಂದ ಇಂಗಾಲವನ್ನು ಹೊತ್ತು ಆಳಕ್ಕೆ ಸಾಗಿಸುತ್ತವೆ. ನಾವು ಸುಟ್ಟ ಪೆಟ್ರೋಲು, ಕಲ್ಲಿದ್ದಲಿನಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90ರಷ್ಟನ್ನು ಕಡಲೇ ನುಂಗಿಕೊಂಡಿದೆ. ‘ಅದರ ಪಾಡಿಗೆ’ ಇರಲು ನಾವು ಅದನ್ನು ಬಿಟ್ಟಿಲ್ಲ.

ಅರಬ್ಬೀ ಸಮುದ್ರದ ಆಳಕ್ಕೆ ವಿಶೇಷವೇನಾದರೂ ಇದೆಯೇ?

ಇದೆ, ಮತ್ತು ನಮ್ಮ ಕರಾವಳಿಯವರು ಇದನ್ನು ತಿಳಿದಿರಬೇಕು. ಸುಮಾರು 150 ಮೀಟರಿನಿಂದ 1,000 ಮೀಟರಿನ ಆಚೆಗೂ ಅರಬ್ಬೀ ಸಮುದ್ರದಲ್ಲಿ ಆಮ್ಲಜನಕ ತೀರ ಕಡಿಮೆಯಿರುವ ಪದರವೊಂದಿದೆ. ಲೋಕದಲ್ಲೇ ಅತ್ಯಂತ ದಪ್ಪವಾದ ಇಂಥ ಪದರಗಳಲ್ಲಿ ಇದೂ ಒಂದು. ಮಳೆಗಾಲದ ಗಾಳಿ ಕಡಲನ್ನು ಕಲಕಿ ಪಾಚಿ ಸಮೃದ್ಧವಾಗಿ ಬೆಳೆಯುತ್ತದೆ. ಅದು ಸತ್ತು ಕೆಳಗಿಳಿದು ಕೊಳೆಯುವಾಗ ಆಮ್ಲಜನಕ ಮುಗಿಯುತ್ತದೆ. ಉತ್ತರದಲ್ಲಿ ನೆಲವೇ ಗೋಡೆಯಾಗಿರುವುದರಿಂದ ಹೊಸ ನೀರು ಬೇಗ ಬಂದು ಸೇರುವುದಿಲ್ಲ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಈ ಬಡ ನೀರು ಪಶ್ಚಿಮ ಕರಾವಳಿಯ ಖಂಡಾವರಣದ ಮೇಲಕ್ಕೂ ಏರಿ ಬರುತ್ತದೆ, ಆಗ ತಳದ ಮೀನುಗಳು ಜಾಗ ಬಿಡುತ್ತವೆ. 1960ರಿಂದೀಚೆಗೆ ಲೋಕದ ಕಡಲುಗಳು ತಮ್ಮ ಆಮ್ಲಜನಕದಲ್ಲಿ ನೂರಕ್ಕೆ 2ರಷ್ಟನ್ನು ಕಳೆದುಕೊಂಡಿವೆ. ಮೊದಲೇ ಉಸಿರು ಕಡಿಮೆಯಿರುವ ಕಡಲಿಗೆ ಇದು ಸಣ್ಣ ಸಂಗತಿಯಲ್ಲ.

ಆಳದ ಜೀವಿಗಳು ನಿಧಾನ ಎನ್ನುತ್ತಾರೆ. ಎಷ್ಟು ನಿಧಾನ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ.

2007ರ ಮೇ ತಿಂಗಳಲ್ಲಿ ಮಾಂಟೆರೆ ಕೊಳ್ಳದ ಸುಮಾರು 1,400 ಮೀಟರ್ ಆಳದ ಬಂಡೆಯೊಂದಕ್ಕೆ ಆಕ್ಟೋಪಸ್ ತಾಯಿಯೊಂದು ಮೊಟ್ಟೆಗಳನ್ನು ಅಂಟಿಸಿ ಅವುಗಳ ಮೇಲೆ ಕಾವಲು ಕುಳಿತಿರುವುದನ್ನು ವಿಜ್ಞಾನಿಗಳು ಕಂಡರು. ಮೈಮೇಲಿನ ಗಾಯದ ಗುರುತಿನಿಂದ ಅದೇ ತಾಯಿ ಎಂದು ಗೊತ್ತಾಗುತ್ತಿತ್ತು. ಮತ್ತೆ ಮತ್ತೆ ಇಳಿದು ನೋಡಿದರು, ಒಟ್ಟು 18 ಸಲ. ಪ್ರತಿ ಸಲವೂ ಅಲ್ಲೇ ಇತ್ತು. ಪಕ್ಕದಲ್ಲಿ ಏಡಿ, ಸೀಗಡಿ ಓಡಾಡಿದರೂ ತಿಂದದ್ದನ್ನು ಯಾರೂ ಕಾಣಲಿಲ್ಲ. ಮೈಯ ಬಣ್ಣ ಮಾಸಿತು, ಚರ್ಮ ಜೋತುಬಿತ್ತು, ಕಣ್ಣು ಮಂಜಾಯಿತು. 2011ರ ಸೆಪ್ಟೆಂಬರ್‌ನಲ್ಲಿ ಕೊನೆಯದಾಗಿ ಕಂಡಾಗಲೂ ಮೊಟ್ಟೆಗಳ ಮೇಲೆ ತೋಳು ಹರಡಿ ಕುಳಿತೇ ಇತ್ತು. ಅಕ್ಟೋಬರ್‌ನಲ್ಲಿ ಹೋದಾಗ ಬಂಡೆಯ ಮೇಲೆ ಒಡೆದ ಮೊಟ್ಟೆಗಳ ಸಿಪ್ಪೆ ಮಾತ್ರ ಉಳಿದಿತ್ತು. 53 ತಿಂಗಳು. ಇಷ್ಟು ದೀರ್ಘವಾಗಿ ಮೊಟ್ಟೆ ಕಾಯುವ ಬೇರೆ ಪ್ರಾಣಿ ದಾಖಲೆಯಲ್ಲಿಲ್ಲ.

ಅನ್ನ ಕಡಿಮೆ, ನೀರಿನ ಬಿಸಿ 2ರಿಂದ 4 ಡಿಗ್ರಿ. ಅಂಥ ಕಡೆ ಬದುಕು ಅವಸರ ಮಾಡಲಾರದು. ಹವಾಯಿಯ ಬಳಿಯ ಕಪ್ಪು ಹವಳವೊಂದಕ್ಕೆ 4,265 ವರ್ಷ ಎಂದು ಲೆಕ್ಕ ಹಾಕಿದ್ದಾರೆ. ಅದು ಮೊಳೆತಾಗ ಸಿಂಧೂ ಕಣಿವೆಯ ನಗರಗಳು ತುಂಬಿ ತುಳುಕುತ್ತಿದ್ದವು. ಆರೆಂಜ್ ರಫಿ ಎಂಬ ಮೀನು ಮೊದಲ ಸಲ ಮರಿ ಮಾಡುವ ಹೊತ್ತಿಗೆ ಮೂವತ್ತು ವರ್ಷದ ಆಸುಪಾಸು, ಆಯುಸ್ಸು 200 ವರ್ಷ ದಾಟಬಹುದು. ಭೂತಾಯಿ ಮೀನು ಒಂದೇ ವರ್ಷದಲ್ಲಿ ಬೆಳೆದು ಸಂತಾನಕ್ಕೆ ಸಿದ್ಧವಾಗುತ್ತದೆ. ಭೂತಾಯಿಯ ಲೆಕ್ಕವನ್ನು ಆರೆಂಜ್ ರಫಿಗೆ ಹಾಕಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆಳಸಮುದ್ರವನ್ನು ನಾವು ಎಷ್ಟು ನೋಡಿದ್ದೇವೆ?

1958ರಿಂದೀಚೆಗಿನ ಸುಮಾರು 44,000 ಮುಳುಗುಗಳ ದಾಖಲೆಯನ್ನು ಒಟ್ಟುಗೂಡಿಸಿದ 2025ರ ಅಧ್ಯಯನದ ಪ್ರಕಾರ, ಕಣ್ಣಿನಿಂದಾಗಲಿ ಕ್ಯಾಮೆರಾದಿಂದಾಗಲಿ ನೋಡಿದ್ದು ಆಳದ ತಳದ 0.001 ಶೇಕಡಕ್ಕಿಂತ ಕಡಿಮೆ. ಎಲ್ಲವನ್ನೂ ಸೇರಿಸಿದರೂ ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. ಕೊಡಗನ್ನು ಮಾತ್ರ ನೋಡಿದವನು ಇಡೀ ಲೋಕದ ಕಾಡುಗಳ ಬಗ್ಗೆ ತೀರ್ಪು ಕೊಡುವ ಸ್ಥಿತಿಯಲ್ಲಿ ನಾವಿದ್ದೇವೆ.

ಕಡಲತಳದ ಲೋಹದ ಗಂಟುಗಳು ಎಂದರೇನು?

ಆಲೂಗಡ್ಡೆ ಗಾತ್ರದ ಕಪ್ಪು ಉಂಡೆಗಳು. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವುಗಳಲ್ಲಿವೆ. ಶಾರ್ಕ್ ಹಲ್ಲೊಂದರ ಸುತ್ತಲೋ ಚಿಪ್ಪಿನ ಚೂರಿನ ಸುತ್ತಲೋ ನೀರಿನಲ್ಲಿ ಕರಗಿದ ಲೋಹ ಪದರ ಪದರವಾಗಿ ಕೂಡುತ್ತಾ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರಿನಂತೆ ಬೆಳೆಯುತ್ತವೆ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್ ಕ್ಲಿಪರ್ಟನ್ ವಲಯದಲ್ಲಿ ಇವು ಹೇರಳ.

ಭಾರತ ಈ ವಿಷಯದಲ್ಲಿ ಹೊಸಬನಲ್ಲ. ‘ಗವೇಷಣಿ’ ಹಡಗು 1981ರಲ್ಲೇ ಮೊದಲ ಗಂಟುಗಳನ್ನು ಎತ್ತಿತು. 1987ರಲ್ಲಿ ಭಾರತಕ್ಕೆ ‘ಮೊದಲಿಗ ಹೂಡಿಕೆದಾರ’, ಅಂದರೆ ಈ ಹುಡುಕಾಟಕ್ಕೆ ಮೊದಲೇ ಹಣ ಹಾಕಿದ ದೇಶ ಎಂಬ ಸ್ಥಾನ ಸಿಕ್ಕಿತು. ಈಗ ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಹುಡುಕಾಟದ ಹಕ್ಕಿದೆ. 2021ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ತನ್ನ ‘ವರಾಹ’ ಯಂತ್ರವನ್ನು 5,270 ಮೀಟರ್ ಆಳದಲ್ಲಿ ಓಡಿಸಿ ನೋಡಿತು.

ಬಿದ್ದಿರುವ ಉಂಡೆಗಳನ್ನು ಹೆಕ್ಕಿದರೆ ಯಾರಿಗೆ ನಷ್ಟ?

ಮೆತ್ತನೆಯ ಕೆಸರೇ ತುಂಬಿದ ಬಯಲಿನಲ್ಲಿ ಗಟ್ಟಿಯಾಗಿ ಅಂಟಿಕೊಳ್ಳಲು ಇರುವ ಜಾಗವೆಂದರೆ ಈ ಗಂಟುಗಳೇ. ಅಲ್ಲಿನ ದೊಡ್ಡ ಜೀವಿಗಳಲ್ಲಿ ಸುಮಾರು ಅರ್ಧದಷ್ಟು ಬಗೆಗಳು ಗಂಟನ್ನೇ ನಂಬಿವೆ. ಗಂಟಿನ ಮೇಲೆ ಸ್ಪಂಜು ಬೇರೂರುತ್ತದೆ. ಪೆರು ದೇಶದ ಎದುರಿನ ಪೆಸಿಫಿಕ್‌ನಲ್ಲಿ 4,000 ಮೀಟರಿಗೂ ಕೆಳಗೆ ಬಿಳಿಚಿದ ಆಕ್ಟೋಪಸ್‌ಗಳು ಸತ್ತ ಸ್ಪಂಜಿನ ಕಾಂಡಕ್ಕೆ ಮೊಟ್ಟೆ ಸುತ್ತಿ ಕಾವಲು ಕುಳಿತದ್ದನ್ನು ಕಂಡಿದ್ದಾರೆ. ಗಂಟು ಹೋದರೆ ಸ್ಪಂಜಿಲ್ಲ, ಸ್ಪಂಜು ಹೋದರೆ ಆ ತಾಯಿಗೆ ತೊಟ್ಟಿಲಿಲ್ಲ. ಇಡೀ ಕ್ಲಾರಿಯನ್ ಕ್ಲಿಪರ್ಟನ್ ವಲಯದಲ್ಲಿ ಇರಬಹುದಾದ ಪ್ರಾಣಿಗಳಲ್ಲಿ ನೂರಕ್ಕೆ 90ರಷ್ಟಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ.

ಗಾಯ ಮಾಯುವುದಕ್ಕೆ ಎಷ್ಟು ಕಾಲ ಬೇಕೆಂದು ನೋಡಲು 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಅದೇ ಪೆರು ಜಲಾನಯನದಲ್ಲಿ ಸುಮಾರು 11 ಚದರ ಕಿಲೋಮೀಟರ್ ತಳವನ್ನು ನೇಗಿಲಿನಂಥ ಸಾಧನದಿಂದ ಉತ್ತರು. 26 ವರ್ಷಗಳ ಮೇಲೆ, 2015ರಲ್ಲಿ ಹೋಗಿ ನೋಡಿದರೆ ನೇಗಿಲ ಸಾಲು ನಿನ್ನೆ ಉತ್ತಂತೆ ಇತ್ತು. ಸಾಲಿನೊಳಗಿನ ಸೂಕ್ಷ್ಮಜೀವಿಗಳ ಚಟುವಟಿಕೆ ಇನ್ನೂ ಕುಗ್ಗಿಯೇ ಇತ್ತು, ಅದು ಸರಿಹೋಗಲು ಕನಿಷ್ಠ 50 ವರ್ಷ ಬೇಕೆಂದು ಅಂದಾಜಿಸಿದರು. ಪೆಸಿಫಿಕ್‌ನಲ್ಲಿ 1979ರಲ್ಲಿ ನಡೆದ ಇನ್ನೊಂದು ಪ್ರಾಯೋಗಿಕ ಗಣಿಗಾರಿಕೆಯ ಜಾಡು 44 ವರ್ಷಗಳಾದರೂ ಅಳಿಸಿಲ್ಲ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ 1997ರಲ್ಲಿ ಹಿಂದೂ ಮಹಾಸಾಗರದ ತಳವನ್ನು ಕಲಕಿ ಪರಿಣಾಮವನ್ನು ಅಳೆಯುವ ಪ್ರಯೋಗ ಮಾಡಿತು. ಗಣಿಗಿಂತ ಮೊದಲು ಇಂಥ ಪ್ರಶ್ನೆ ಕೇಳಿದ್ದಕ್ಕಾಗಿ ನಮ್ಮ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ.

ಇನ್ನೊಂದು ಚಿಂತೆ ಕೆಸರಿನದು. ಯಂತ್ರ ಎಬ್ಬಿಸಿದ ಕೆಸರು ನೀರಿನಲ್ಲಿ ಹರಡಿ, ದೂರದಲ್ಲಿ ನೀರು ಸೋಸಿ ತಿನ್ನುವ ಜೀವಿಗಳನ್ನು ಮುಚ್ಚುತ್ತದೆ. ಕುದುರೆಮುಖದ ಗಣಿಯಿಂದ ಭದ್ರಾ ನದಿ ಕೆಂಪಾಗಿ ಹರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನದಿ ದಡದಲ್ಲಿ ಜನರಿದ್ದರು, ಪ್ರತಿಭಟಿಸಿದರು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. 5,000 ಮೀಟರ್ ಕೆಳಗೆ ದಡವೂ ಇಲ್ಲ, ನೋಡುವವರೂ ಇಲ್ಲ.

ಆದರೆ ವಿದ್ಯುತ್ ವಾಹನಗಳಿಗೆ ಈ ಲೋಹ ಬೇಕಲ್ಲವೇ?

ನ್ಯಾಯವಾದ ಪ್ರಶ್ನೆ. ಕಲ್ಲಿದ್ದಲು, ಪೆಟ್ರೋಲು ಬಿಡಲೇಬೇಕು, ಅದಕ್ಕೆ ಲೋಹವೂ ಬೇಕು. ಆದರೆ ಯಾವ ಲೋಹ ಎಂಬುದು ಬೇಗ ಬೇಗ ಬದಲಾಗುತ್ತಿದೆ. ಇಂದು ಬಹಳಷ್ಟು ವಾಹನಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನಿಕ್ಕಲ್ಲೂ ಬೇಡ, ಕೋಬಾಲ್ಟೂ ಬೇಡ. 2021ರಲ್ಲಿ ಬಿಎಂಡಬ್ಲ್ಯೂ, ವೋಲ್ವೊ, ಗೂಗಲ್, ಸ್ಯಾಮ್‌ಸಂಗ್ ಎಸ್‌ಡಿಐ ಕಂಪನಿಗಳು ಆಳಗಡಲಿನ ಖನಿಜವನ್ನು ಸದ್ಯಕ್ಕೆ ಬಳಸುವುದಿಲ್ಲ ಎಂದವು. ಹತ್ತು ವರ್ಷದಲ್ಲಿ ಬೇಡಿಕೆಯೇ ತಗ್ಗಬಹುದಾದ ಲೋಹಕ್ಕಾಗಿ ಲಕ್ಷಾಂತರ ವರ್ಷಗಳಲ್ಲಿ ಬೆಳೆದ ನೆಲೆಯನ್ನು ಕೆರೆಯುವುದು ಸರಿಯಲ್ಲ ಎಂಬುದು ನನ್ನ ನಿಲುವು. ಇದನ್ನು ಒಪ್ಪದ ಪ್ರಾಮಾಣಿಕ ವಿಜ್ಞಾನಿಗಳೂ ಇದ್ದಾರೆ. ನೆಲದ ಗಣಿಗಳೂ ಕಾಡನ್ನು, ಜನರನ್ನು ಕಾಡುತ್ತವೆ ಎಂಬ ಅವರ ಮಾತನ್ನು ತಳ್ಳಿಹಾಕಲಾಗದು.

ಗಂಟುಗಳು ಆಮ್ಲಜನಕ ಹುಟ್ಟಿಸುತ್ತವೆ ಎಂದು ಓದಿದೆ.

2024ರಲ್ಲಿ ಅಂಥ ಒಂದು ಪ್ರಬಂಧ ಪ್ರಕಟವಾಯಿತು. ಅಳತೆಯ ಕ್ರಮದ ಬಗ್ಗೆಯೇ ಬೇರೆ ವಿಜ್ಞಾನಿಗಳು ಆಕ್ಷೇಪ ಎತ್ತಿದ್ದಾರೆ. ಸದ್ಯ ಅದನ್ನು ತೀರ್ಮಾನವಾಗದ ಸಂಗತಿ ಎಂದೇ ತಿಳಿಯಿರಿ. ಗಂಟುಗಳನ್ನು ಉಳಿಸಲು ಈ ವಾದದ ಆಸರೆ ಬೇಕಿಲ್ಲ.

ಮೀನುಗಾರಿಕೆಯಿಂದ ಆಳಕ್ಕೆ ಹಾನಿಯಾಗಿದೆಯೇ?

ಗಣಿ ಇನ್ನೂ ಬರಬೇಕಾದ ಅಪಾಯ. ತಳ ಎಳೆಯುವ ಬಲೆ ಈಗಾಗಲೇ ಬಂದು ಹೋದದ್ದು. 1970ರ ದಶಕದ ಕೊನೆಯಿಂದ ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಬಳಿ ಕಡಲೊಳಗಿನ ಬೆಟ್ಟಗಳ ಮೇಲೆ ಗುಂಪುಗೂಡುವ ಆರೆಂಜ್ ರಫಿಯನ್ನು ರಾಶಿರಾಶಿಯಾಗಿ ಎತ್ತಿದರು. ಮೀನಿನ ವಯಸ್ಸು ಗೊತ್ತಿರಲಿಲ್ಲ, ಬೇಗ ಬೆಳೆಯುವ ಮೀನೆಂದೇ ಲೆಕ್ಕ ಹಾಕಿದ್ದರು. ಹಿಡಿದದ್ದು ಅಜ್ಜನ ಅಜ್ಜನ ಕಾಲದ ಮೀನುಗಳನ್ನು. ಕೆಲವೇ ವರ್ಷಗಳಲ್ಲಿ ಹಲವು ನೆಲೆಗಳು ಬರಿದಾದವು. ಮೀನಿನ ಜೊತೆಗೆ ಶತಮಾನಗಳ ಹವಳವೂ ಬಲೆಗೆ ಸಿಕ್ಕಿ ಪುಡಿಯಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಮೇಲೆ ನಿಯಮಗಳು ಬಂದವು. ಮೆಡಿಟರೇನಿಯನ್‌ನಲ್ಲಿ 1,000 ಮೀಟರಿನ ಕೆಳಗೆ 2005ರಲ್ಲಿ, ಯುರೋಪ್ ಒಕ್ಕೂಟದ ಕಡಲಿನಲ್ಲಿ 800 ಮೀಟರಿನ ಕೆಳಗೆ 2016ರಲ್ಲಿ ತಳದ ಟ್ರಾಲಿಂಗ್ ನಿಂತಿತು.

ನಮ್ಮ ನೆರೆಯ ಮಾಲ್ದೀವ್ಸ್‌ನಲ್ಲೂ ಇದೇ ಆಯಿತು. ಪಿತ್ತಜನಕಾಂಗದ ಎಣ್ಣೆಗಾಗಿ ಆಳದ ಗಲ್ಪರ್ ಶಾರ್ಕ್‌ಗಳನ್ನು ಹಿಡಿಯುವ ಕಸುಬು 1980ರ ದಶಕದಲ್ಲಿ ಬೆಳೆದು ಬೇಗನೆ ಕುಸಿದುಬಿತ್ತು. ನಮ್ಮಲ್ಲಿ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಬೇಗ ಮರಿ ಮಾಡುವ ಮೀನುಗಳಿಗೆ ಉಸಿರು ಕೊಡುತ್ತದೆ. ಮೂವತ್ತು ವರ್ಷಕ್ಕೆ ಬೆಳೆಯುವ ಮೀನಿಗೆ ಎರಡು ತಿಂಗಳ ವಿರಾಮದಿಂದ ಹೆಚ್ಚೇನೂ ಆಗದು. ಬೋಟುಗಳು ಇನ್ನೂ ಆಳಕ್ಕೆ ಹೋಗಲಿ ಎನ್ನುವ ಮೊದಲು ಯಾರಾದರೂ ಆ ಮೀನಿನ ವಯಸ್ಸನ್ನು ಕೇಳಬೇಕು.

ಪ್ಲಾಸ್ಟಿಕ್ ಅಷ್ಟು ಆಳಕ್ಕೂ ಹೋಗುತ್ತದೆಯೇ?

ಹೋಗಿ ಆಗಿದೆ. 1998ರಲ್ಲೇ ಮರಿಯಾನಾ ಕಂದಕದ 10,898 ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಚೀಲವೊಂದು ಕಂಡಿತ್ತು. 2020ರಲ್ಲಿ ಅದೇ ಕಂದಕದ ಹೊಸ ಜೀವಿಯೊಂದಕ್ಕೆ, ಅದರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಎಳೆ ಸಿಕ್ಕಿದ ಕಾರಣ, ಯೂರಿಥಿನೀಸ್ ಪ್ಲಾಸ್ಟಿಕಸ್ ಎಂದೇ ಹೆಸರಿಟ್ಟರು. ನಾವು ಹೆಸರಿಡುವ ಮೊದಲೇ ನಮ್ಮ ಕಸ ಅದನ್ನು ತಲುಪಿತ್ತು.

ಆಳಸಮುದ್ರ ಯಾರ ಸ್ವತ್ತು? ಕಾನೂನು ಏನು ಹೇಳುತ್ತದೆ?

ಯಾವ ದೇಶದ ಗಡಿಗೂ ಸೇರದ ಕಡಲತಳ ‘ಮನುಕುಲದ ಸಮಾನ ಪರಂಪರೆ’ ಎನ್ನುತ್ತದೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ. ಈ ವಿಚಾರವನ್ನು 1967ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟವರು ಪುಟ್ಟ ಮಾಲ್ಟಾ ದೇಶದ ಪ್ರತಿನಿಧಿ ಆರ್ವಿಡ್ ಪಾರ್ಡೊ. ಅಲ್ಲಿನ ಖನಿಜಗಳ ಉಸ್ತುವಾರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದ್ದು. ಅದು ಹುಡುಕಾಟಕ್ಕೆ ಗುತ್ತಿಗೆ ಕೊಟ್ಟಿದೆ. 2025 ಮುಗಿದರೂ ಗಣಿಗಾರಿಕೆಯ ನಿಯಮಗಳನ್ನು ಅಂತಿಮಗೊಳಿಸಿರಲಿಲ್ಲ. ಪಲಾವು, ಫಿಜಿ, ಫ್ರಾನ್ಸ್, ಜರ್ಮನಿ ಸೇರಿ ಮೂವತ್ತಕ್ಕೂ ಹೆಚ್ಚು ದೇಶಗಳು ಸದ್ಯಕ್ಕೆ ಬೇಡ ಎನ್ನುತ್ತಿವೆ. ಆ ಒಪ್ಪಂದಕ್ಕೆ ಸೇರದ ಅಮೆರಿಕ 2025ರ ಏಪ್ರಿಲ್‌ನಲ್ಲಿ ತನ್ನದೇ ಕಾನೂನಿನಡಿ ಪರವಾನಗಿ ಕೊಡುವ ಆದೇಶ ಹೊರಡಿಸಿದ್ದು ಆತಂಕದ ಸಂಗತಿ.

ನೆಮ್ಮದಿಯ ಸುದ್ದಿಯೂ ಒಂದಿದೆ. ದೇಶಗಳ ಗಡಿಯಾಚೆಯ ಕಡಲಿನ ಜೀವವೈವಿಧ್ಯವನ್ನು ಕಾಯುವ ಒಪ್ಪಂದ 2023ರ ಜೂನ್‌ನಲ್ಲಿ ಅಂಗೀಕಾರವಾಗಿ, 60 ದೇಶಗಳ ಅನುಮೋದನೆ ಪಡೆದು, 2026ರ ಜನವರಿ 17ರಂದು ಜಾರಿಗೆ ಬಂದಿದೆ. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಸಹಿ ಹಾಕಿತು. ಕಾಡಿಗೆ ಅಭಯಾರಣ್ಯ ಇದ್ದಂತೆ ನಡುಗಡಲಿಗೂ ರಕ್ಷಿತ ವಲಯ ಘೋಷಿಸುವ ದಾರಿ ಈಗ ತೆರೆದಿದೆ.

ಹಾಗಾದರೆ ಭಾರತದ ಸಮುದ್ರಯಾನವನ್ನು ವಿರೋಧಿಸಬೇಕೇ?

ಖಂಡಿತ ಬೇಡ. 2021ರಲ್ಲಿ 4,077 ಕೋಟಿ ರೂಪಾಯಿಯ ಆಳಸಮುದ್ರ ಅಭಿಯಾನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬಲ್ಲ ‘ಮತ್ಸ್ಯ 6000’ ನೌಕೆಯ ಸಮುದ್ರಯಾನ ಯೋಜನೆ ಅದರ ಭಾಗ. ತರಬೇತಿಗಾಗಿ 2025ರ ಆಗಸ್ಟ್‌ನಲ್ಲಿ ಇಬ್ಬರು ಭಾರತೀಯರು ಫ್ರಾನ್ಸಿನ ನೌಕೆಯಲ್ಲಿ ಅಟ್ಲಾಂಟಿಕ್‌ಗೆ ಇಳಿದರು, ಒಬ್ಬರು 5,002 ಮೀಟರ್ ಮುಟ್ಟಿದರು. ಆ ಸುದ್ದಿ ಓದಿದ ದಿನ ನನಗೆ ಹಬ್ಬ. ಈ ಅಭಿಯಾನದ ಪಟ್ಟಿಯಲ್ಲಿ ಗಣಿ ತಂತ್ರಜ್ಞಾನವೂ ಇದೆ, ಜೀವವೈವಿಧ್ಯದ ಅಧ್ಯಯನವೂ ಇದೆ. ನಾವು ಕೇಳಬೇಕಾದದ್ದು ಎರಡನೆಯದು ಮುಗಿಯದೆ ಮೊದಲನೆಯದು ಹೊರಡಬಾರದು ಎಂದು.

ನನ್ನ ಮಗಳಿಗೆ ಈ ವಿಷಯ ಓದುವ ಆಸೆ. ಕರ್ನಾಟಕದಲ್ಲಿ ಅವಕಾಶವಿದೆಯೇ?

ಇದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ವಿಭಾಗವಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಮುಂದೆ ಸಂಶೋಧನೆಗೆ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಕೊಚ್ಚಿಯ ಕಡಲಜೀವ ಸಂಪನ್ಮೂಲ ಮತ್ತು ಪರಿಸರ ಕೇಂದ್ರ ಇವೆ. ಜೀವಿಗಳನ್ನು ಗುರುತಿಸಿ ಹೆಸರಿಡುವ ವರ್ಗೀಕರಣ ವಿಜ್ಞಾನವನ್ನು ಆರಿಸಿಕೊಳ್ಳಲು ಹೇಳಿ. ಲೋಕದಾದ್ಯಂತ ಆ ವಿದ್ಯೆ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಹೆಸರಿಗಾಗಿ ಕಾದಿರುವ ಜೀವಿಗಳು ಗಾಜಿನ ಶೀಶೆಗಳಲ್ಲಿ ಸಾಲಾಗಿ ಕುಳಿತಿವೆ.